ಹಾಲಿ ಶಾಸಕರನ್ನು ಸೋಲಿಸುವುದು ಅಷ್ಟು ಕಷ್ಟವೇ?



ಚುನಾವಣೆ ಬಂತೆಂದರೆ ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಜೋರು ಚರ್ಚೆ. "ಕುರ್ಚಿಯಲ್ಲಿ ಕೂತವರನ್ನು ಯಾರು ಇಳಿಸುತ್ತಾರೆ?" ಎಂಬುದು ಅಬ್ಬಾರ ವಾದ. ಆದರೆ ನಮ್ಮ ಉಡುಪಿ ಜಿಲ್ಲೆಯ ಫಲಿತಾಂಶಗಳು ಬೇರೆಯೇ ಹೇಳುತ್ತವೆ.

ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಹಾಲಿ ಶಾಸಕರ ಬಳಿ ಓಪನಿಂಗ್ ಬ್ಯಾಲೆನ್ಸ್ ಇರುತ್ತದೆ. ಹೆಸರು ಎಲ್ಲರಿಗೂ ಗೊತ್ತು. ಐದು ವರ್ಷ ಮದುವೆ, ಜಾತ್ರೆ, ಉರೂಸ್‌ಗಳಲ್ಲಿ ಮುಖ ಕಂಡಿರುತ್ತದೆ. ಶಾಸಕರ ನಿಧಿಯಿಂದ ರಸ್ತೆ, ಶಾಲಾ ಕೊಠಡಿ ಆಗಿರುತ್ತದೆ. ಪ್ರಚಾರದ ವೆಚ್ಚದ ಮಿತಿ ಇಬ್ಬರಿಗೂ 40 ಲಕ್ಷ ರೂಪಾಯಿಯೇ. ಆದರೆ ಎದುರಾಳಿ ಸೊನ್ನೆಯಿಂದ ಶುರು ಮಾಡಬೇಕು. ಹಾಲಿ ಶಾಸಕರಿಗೆ ಸಾಲದ ಬದಿಯೂ ಇದೆ: ಈಡೇರದ ಭರವಸೆಗಳೆಲ್ಲ ಅವರ ಖಾತೆಗೇ ಬರುತ್ತವೆ.

ಇದಕ್ಕೆ ಕಾರ್ಕಳ ಒಳ್ಳೆಯ ಉದಾಹರಣೆ. 1999ರಲ್ಲಿ ಕಾಂಗ್ರೆಸ್‌ನ ಎಚ್. ಗೋಪಾಲ ಭಂಡಾರಿ ಶಾಸಕರಾದರು. 2004ರಲ್ಲಿ ಬಿಜೆಪಿಯ ವಿ. ಸುನಿಲ್ ಕುಮಾರ್ ಅವರನ್ನು ಸೋಲಿಸಿದರು. 2008ರಲ್ಲಿ ಭಂಡಾರಿ ತಿರುಗಿ ಗೆದ್ದರು. 2013ರಲ್ಲಿ ಮತ್ತೆ ಸುನಿಲ್ ಕುಮಾರ್. ಅಂದರೆ ಸತತ ಮೂರು ಸಲ ಕುರ್ಚಿಯಲ್ಲಿದ್ದವರೇ ಸೋತರು! 2008ರ ಅಂತರ ಕೇವಲ 1,537 ಮತ. ಗೆದ್ದವರ ಕಡೆಯ 769 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬದಲಾಗುತ್ತಿತ್ತು. ಎದುರಾಳಿ ಹೊಸಬನಲ್ಲದೆ ಕ್ಷೇತ್ರಕ್ಕೆ ಪರಿಚಿತನಾಗಿದ್ದದ್ದೂ ಇಲ್ಲಿ ಗಮನಿಸಬೇಕಾದ ಅಂಶ.

ಕಾಪುವಿನಲ್ಲೂ ಹೀಗೆಯೇ. 2013ರಲ್ಲಿ ವಿನಯ ಕುಮಾರ್ ಸೊರಕೆ ಹಾಲಿ ಶಾಸಕ ಲಾಲಾಜಿ ಮೆಂಡನ್ ಅವರನ್ನು ಸೋಲಿಸಿದರು. 2018ರಲ್ಲಿ ಮೆಂಡನ್ ಸೊರಕೆಯವರನ್ನು ಸೋಲಿಸಿದರು. ಮಣಿಪಾಲವೂ ಸೇರಿರುವ ಉಡುಪಿ ಕ್ಷೇತ್ರದಲ್ಲಿ ಅದೇ ವರ್ಷ ರಘುಪತಿ ಭಟ್ ಹಾಲಿ ಶಾಸಕ ಪ್ರಮೋದ್ ಮಧ್ವರಾಜ್ ಅವರನ್ನು ಸೋಲಿಸಿದರು.

2023ರಲ್ಲಿ ಮಾತ್ರ ಚಿತ್ರ ಬದಲಾಯಿತು. ಜಿಲ್ಲೆಯ ಐದೂ ಕ್ಷೇತ್ರಗಳು ಬಿಜೆಪಿಯ ಕೈಯಲ್ಲಿದ್ದವು. ಪಕ್ಷ ನಾಲ್ಕು ಕಡೆ ಹೊಸ ಮುಖಗಳನ್ನು ನಿಲ್ಲಿಸಿತು, ಐದನ್ನೂ ಗೆದ್ದಿತು. ಹಾಲಿ ಶಾಸಕರು ಕಣದಲ್ಲಿದ್ದದ್ದು ಕಾರ್ಕಳದಲ್ಲಿ ಮಾತ್ರ. ಅಲ್ಲಿ ಸುನಿಲ್ ಕುಮಾರ್ ಕಾಂಗ್ರೆಸ್‌ನ ಉದಯ ಕುಮಾರ್ ಶೆಟ್ಟಿ ಎದುರು 4,602 ಮತಗಳಿಂದ ಗೆದ್ದರು. 2018ರಲ್ಲಿ ಅವರ ಅಂತರ 40 ಸಾವಿರ ದಾಟಿತ್ತು.

ಇಲ್ಲಿ ನನಗೊಂದು ಪ್ರಶ್ನೆ. ಹೊಸ ಮುಖ ಬಂದರೆ ಒಳ್ಳೆಯದೇ. ಆದರೆ ಐದು ವರ್ಷದ ಲೆಕ್ಕ ಕೊಡಬೇಕಾದವರೇ ಕಣದಲ್ಲಿ ಇಲ್ಲದಿದ್ದರೆ, ಮತದಾರ ಲೆಕ್ಕ ಕೇಳುವುದು ಯಾರ ಬಳಿ? ಹಾಲಿ ಶಾಸಕರು ಇರಬೇಕೋ ಬೇಡವೋ ಎಂಬ ತೀರ್ಮಾನ ಮತಗಟ್ಟೆಗೆ ಬರುವ ಮೊದಲೇ ಟಿಕೆಟ್ ಹಂಚುವಾಗ ಮುಗಿದುಹೋಗುತ್ತದೆ. ಆಗ ಪಕ್ಷದ ಬಳಿಯೇ ಲೆಕ್ಕ ಕೇಳುವುದನ್ನು ನಾವು ಕಲಿಯಬೇಕು.

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಆಗ ನಮಗೆಲ್ಲ ಮತ ಇರುತ್ತದೆ. 17 ತುಂಬಿದವರು ನಮೂನೆ 6ರಲ್ಲಿ ಈಗಲೇ ಮುಂಗಡ ಅರ್ಜಿ ಹಾಕಬಹುದು; 18 ತುಂಬಿದ ಮೇಲೆ ಹೆಸರು ಪಟ್ಟಿಗೆ ಸೇರುತ್ತದೆ. 769 ಎಂಬ ಸಂಖ್ಯೆ ನೆನಪಿರಲಿ. ನಮ್ಮ ತರಗತಿಗಳ ಹಾಜರಿ ಪುಸ್ತಕಗಳನ್ನು ಕೂಡಿಸಿದರೆ ಅದೇನೂ ದೊಡ್ಡ ಸಂಖ್ಯೆಯಲ್ಲ.