ಇದ್ದಿಲಿನ ಮುಖ ಬಾಳುತ್ತದೆಯೇ?

ಪ್ರಶ್ನೆ: ಬೆರಳು ತಾಗಿದರೆ ಅಳಿಸಿಹೋಗುವ ಇದ್ದಿಲಿನಲ್ಲಿ ಕಲಾವಿದರು ಮುಖಚಿತ್ರ ಬರೆಯುವುದೇಕೆ?

ಉತ್ತರ: ಸುಲಭವಾಗಿ ಅಳಿಯುತ್ತದೆ ಎಂಬುದೇ ಮುಖ್ಯ ಕಾರಣ. ವಿಲೋ ಮರದ ಅಥವಾ ದ್ರಾಕ್ಷಿ ಬಳ್ಳಿಯ ಕಡ್ಡಿಯನ್ನು ಗಾಳಿಯಾಡದಂತೆ ಸುಟ್ಟು ಮಾಡುವ ಈ ಇದ್ದಿಲಿನಲ್ಲಿ ಅಂಟಿಲ್ಲ. ಪುಡಿ ಒರಟು ಕಾಗದದ ಉಬ್ಬುತಗ್ಗುಗಳಲ್ಲಿ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಕೆನ್ನೆಯ ನೆರಳನ್ನು ಕಡ್ಡಿಯ ಮಗ್ಗುಲಿನಿಂದ ಒಂದೇ ಸಲಕ್ಕೆ ಬಳಿಯಬಹುದು, ದವಡೆ ತಪ್ಪಿದರೆ ಬಟ್ಟೆಯಲ್ಲಿ ಒರೆಸಬಹುದು, ಮೂಗಿನ ಮೇಲಿನ ಬೆಳಕನ್ನು ಮೆತ್ತನೆಯ ರಬ್ಬರಿನಿಂದ ಎತ್ತಬಹುದು. ಕಣ್ಣುಗುಳಿ, ಕೆನ್ನೆಮೂಳೆ, ಗಲ್ಲದ ಕೆಳಗಿನ ನೆರಳು ತಮ್ಮ ಜಾಗದಲ್ಲಿ ಬಿದ್ದರೆ ರೆಪ್ಪೆಗೂದಲು ಬರೆಯುವ ಮೊದಲೇ ಹೋಲಿಕೆ ಮೂಡುತ್ತದೆ. ಚೂಪಾದ ಪೆನ್ಸಿಲ್ ಕಲಿಯುವವರನ್ನು ಬೇಗನೆ ವಿವರಗಳತ್ತ ಎಳೆಯುತ್ತದೆ; ಇದ್ದಿಲು ಮೊದಲು ಇಡೀ ತಲೆಯನ್ನು ನೋಡಿಸುತ್ತದೆ.

ಬಾಳಿಕೆಯ ಅನುಮಾನ ನ್ಯಾಯವಾದದ್ದೇ. ಆದರೆ ಇದ್ದಿಲೆಂದರೆ ಇಂಗಾಲ, ಬೆಳಕಿಗೆ ಮಾಸುವುದಿಲ್ಲ. ಅದಕ್ಕೆ ಅಪಾಯ ಉಜ್ಜಾಟದಿಂದ. ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಫಿಕ್ಸೆಟಿವ್ ದ್ರವ ಸಿಂಪಡಿಸಿ, ಗಾಜು ತಾಗದಂತೆ ನಡುವೆ ಮೌಂಟ್ ಕೊಟ್ಟು ಚೌಕಟ್ಟು ಹಾಕಿಸಿದರೆ ಸಾಕು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ, ತಾಯಿ ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ, ಆಕೆಯ ಸೊರಗಿದ ಮುಖವನ್ನು ಇದ್ದಿಲಿನಲ್ಲಿ ಬರೆದ. ಆತನ ಎಷ್ಟೋ ಎಣ್ಣೆಬಣ್ಣದ ಮುಖಗಳಿಗಿಂತ ನಾನು ಹೆಚ್ಚು ಮೆಚ್ಚುವ ಆ ಹಾಳೆ ಈಗಲೂ ಬರ್ಲಿನ್ನಿನ ಸಂಗ್ರಹಾಲಯದಲ್ಲಿದೆ.