ಚೀಲ ಹೊರುವ ಹೆಗಲಿಗೂ ಒಂದು ಶಾಸ್ತ್ರ

ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರು-ಹಾವೇರಿಯ ಹತ್ತಿ, ಗೋವಿನಜೋಳ ಎಲ್ಲವೂ ಲಾರಿ ಏರುವುದು ಹಮಾಲರ ಹೆಗಲ ಬಲದಿಂದ. ದೇಹದಲ್ಲಿ ಅತಿ ಹೆಚ್ಚು ತಿರುಗುವ ಕೀಲು ಹೆಗಲಿನದು. ಅತಿ ಸುಲಭವಾಗಿ ಜಾರುವುದೂ ಅದೇ. ಆದರೂ ಹೆಗಲು, ಮೊಣಕೈಗೆಂದೇ ಪ್ರತ್ಯೇಕ ಶಸ್ತ್ರಚಿಕಿತ್ಸಾ ವಿಭಾಗ ಬೆಳೆದದ್ದು ತೀರಾ ತಡವಾಗಿ. 1893ರಲ್ಲಿ ಪ್ಯಾರಿಸ್‌ನ ಶಸ್ತ್ರವೈದ್ಯ ಪೆಯಾನ್, ಕ್ಷಯ ತಿಂದಿದ್ದ ಹೆಗಲಿಗೆ ಕೃತಕ ಕೀಲು ಕೂಡಿಸಿದರು. ಸೋಂಕು ತಗ್ಗದೆ ಮುಂದೆ ಅದನ್ನು ತೆಗೆಯಬೇಕಾಯಿತು. ಬಾಸ್ಟನ್‌ನ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಹೆಗಲಿನ ಮೇಲೇ ದೊಡ್ಡ ಗ್ರಂಥ ಬರೆದು, ಕೈ ಎತ್ತಲಾಗದ ದುಡಿಮೆಗಾರರ ನೋವಿನ ಹಿಂದೆ ಒಳಗೆ ಹರಿದ ಸ್ನಾಯುರಜ್ಜು ಇರಬಹುದೆಂದು ತೋರಿಸಿದರು. ನನ್ನ ಪ್ರಕಾರ ಈ ಶಾಖೆಯ ನಿಜವಾದ ಬೇರು ಅಲ್ಲಿದೆ, ಮೈಮುರಿದು ದುಡಿಯುವವರ ಮೈಯಲ್ಲಿ. 1980ರಲ್ಲಿ ಲಂಡನ್‌ನಲ್ಲಿ ಹೆಗಲು ಶಸ್ತ್ರಚಿಕಿತ್ಸೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು; 1985ರ ಹೊತ್ತಿಗೆ ಫ್ರಾನ್ಸಿನ ಶಸ್ತ್ರವೈದ್ಯ ಗ್ರಾಮೊಂ, ಕೀಲಿನ ಗುಂಡು-ಬಟ್ಟಲಿನ ಜಾಗ ಅದಲುಬದಲು ಮಾಡಿದ ಕೃತಕ ಕೀಲು ರೂಪಿಸಿ, ರಜ್ಜು ಪೂರ್ತಿ ಹಾಳಾದವರೂ ಕೈ ಎತ್ತುವ ದಾರಿ ತೆರೆದರು.

‘ಇದೆಲ್ಲ ಆಟಗಾರರಿಗೆ, ದೊಡ್ಡ ಊರಿನವರಿಗೆ; ನಮಗೆ ಎಲುಬಿನ ಡಾಕ್ಟರು ಸಾಕು’ ಎನ್ನುವವರಿದ್ದಾರೆ. ಅದರಲ್ಲಿ ನಿಜವೂ ಇದೆ: ಬಹಳಷ್ಟು ಹೆಗಲು ನೋವು ವಿಶ್ರಾಂತಿ, ವ್ಯಾಯಾಮದಲ್ಲೇ ಇಳಿಯುತ್ತದೆ, ಹರಿದ ರಜ್ಜಿಗೆಲ್ಲ ಆಪರೇಷನ್ ಬೇಕಿಲ್ಲ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಬೇರ್ಪಡಿಸುವುದೇ ಈ ತಜ್ಞತೆಯ ದೊಡ್ಡ ಕೊಡುಗೆ. ಬಿದ್ದು ಏಟಾಗಿ ಹರಿದ ರಜ್ಜನ್ನು ತಿಂಗಳುಗಟ್ಟಲೆ ಬಿಟ್ಟರೆ ಅದು ಹಿಂದೆ ಸರಿಯುತ್ತದೆ, ಸ್ನಾಯು ಸೊರಗುತ್ತದೆ, ಹೊಲಿಯುವುದು ಕಷ್ಟವಾಗುತ್ತದೆ. ಬಿದ್ದ ಮೇಲೆ ಕೈ ಮೇಲೇಳದಿದ್ದರೆ ತಿಕ್ಕಿಸುತ್ತ ಕಾಯಬೇಡಿ, ಆ ವಾರವೇ ಎಲುಬಿನ ವೈದ್ಯರಿಗೆ ತೋರಿಸಿ.