ತ್ರಿಭುಜದಿಂದ ವೃತ್ತಕ್ಕೆ: ಪಿಯುಸಿ ತ್ರಿಕೋನಮಿತಿಗೆ ಹೆದರಬೇಕಿಲ್ಲ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗ, ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಪಾಸಾಗಲೂ ಆಗದೆ ತಲೆ ತಗ್ಗಿಸಿ ನಿಲ್ಲುವುದು ನಮ್ಮ ಕಡೆ ಹೊಸ ಸಂಗತಿಯೇನಲ್ಲ. ಮನೆಯಲ್ಲಿ ಅಪ್ಪ ಅಮ್ಮ ಕಂಗಾಲಾಗುತ್ತಾರೆ. ‘ನಮ್ಮ ಹುಡುಗನಿಗೆ ಸೈನ್ಸು ಹತ್ತುವುದಿಲ್ಲ, ಆರ್ಟ್ಸಿಗೆ ಹಾಕೋಣ’ ಎಂಬ ಮಾತು ದಸರಾ ರಜೆಯ ಹೊತ್ತಿಗೆ ಶುರುವಾಗುತ್ತದೆ. ಕಲಾ ವಿಭಾಗ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಹೋದರೆ ಅದೂ ಒಳ್ಳೆಯ ದಾರಿಯೇ. ಆದರೆ ಹೆದರಿ ಓಡಿಹೋಗುವುದು ಬೇರೆ, ಆರಿಸಿಕೊಂಡು ಹೋಗುವುದು ಬೇರೆ. ಹೀಗೆ ಹೆದರಿಸುವ ಪಾಠ ಯಾವುದೆಂದು ವಿಚಾರಿಸಿದರೆ ಹತ್ತರಲ್ಲಿ ಆರೇಳು ಮಕ್ಕಳು ಹೇಳುವ ಹೆಸರು ಒಂದೇ: ತ್ರಿಕೋನಮಿತಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನ್ನುತ್ತಾರೆ. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿ ಆಂಧ್ರದ ಗಡಿಗೆ ಹೊಂದಿಕೊಂಡಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಶಾಲೆಯಲ್ಲಿ ಕನ್ನಡ ಮಾಧ್ಯಮ. ಪಿಯುಸಿ ವಿಜ್ಞಾನಕ್ಕೆ ಸೇರಿದರೆ ಇಂಗ್ಲಿಷ್ ಪುಸ್ತಕ. ಬೆಳಗಿನ ಬಸ್ಸು ಹಿಡಿದು ಹೋಗಿ, ಸಂಜೆಯ ಬಸ್ಸಿನಲ್ಲಿ ನಿಂತು ಬರುವ ಮಗುವಿಗೆ ಮೂರನೆಯ ಭಾಷೆಯಲ್ಲಿ ಹೊಸ ಗಣಿತ! ಮಗು ದಡ್ಡ ಎಂದು ತೀರ್ಪು ಕೊಡುವ ಮೊದಲು ಇಷ್ಟನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಡವುವುದು ಎಲ್ಲಿ?

ಹತ್ತನೆಯ ತರಗತಿಯ ತ್ರಿಕೋನಮಿತಿ ಲಂಬಕೋನ ತ್ರಿಭುಜದೊಳಗೇ ಮುಗಿಯುತ್ತದೆ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ಕೋನಗಳೋ 0, 30, 45, 60, 90 ಈ ಐದೇ. ಒಂದು ಕೋಷ್ಟಕ ಬಾಯಿಪಾಠ ಮಾಡಿ, ಕಂಬ, ಗೋಪುರ, ನೆರಳುಗಳ ಹತ್ತು ಲೆಕ್ಕ ಬಿಡಿಸಿದರೆ ಅಂಕ ಕೈಸೇರುತ್ತದೆ.

ಪ್ರಥಮ ಪಿಯುಸಿಯಲ್ಲಿ ಇದೇ ಸೈನ್, ಕೊಸೈನ್ ಬೇರೆ ವೇಷ ತೊಟ್ಟು ಬರುತ್ತವೆ. ಒಮ್ಮೆ ನಮ್ಮ ಹೋಬಳಿಯ ಹಳ್ಳಿಯೊಂದರ ಹುಡುಗಿ ನನ್ನನ್ನು ಕೇಳಿದಳು: ‘ಸಾರ್, ಲಂಬಕೋನ ತ್ರಿಭುಜದಲ್ಲಿ ಒಂದು ಕೋನ 90 ಆದಮೇಲೆ ಉಳಿದ ಎರಡೂ ಸೇರಿ 90 ತಾನೆ? ಅಂದ್ಮೇಲೆ ಸೈನ್ 150 ಎಲ್ಲಿಂದ ಬಂತು ಸಾರ್?’

ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ಮನಸ್ಸಿನಲ್ಲಿ ಇದೇ ಪ್ರಶ್ನೆ ಇರುತ್ತದೆ, ಕೇಳಲು ಸಂಕೋಚ. ಕೇಳದೆ ಬಿಟ್ಟವರು ಮುಂದಿನದನ್ನೆಲ್ಲ ಉರು ಹೊಡೆಯಲು ತೊಡಗುತ್ತಾರೆ. ಅಲ್ಲಿಂದಲೇ ಕಷ್ಟ ಆರಂಭ.

ತೊಟ್ಟಿಲು ತಿರುಗಿಸಿ ನೋಡಿ

ಉತ್ತರ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಂಥ ಯಾವುದೇ ದೊಡ್ಡ ಜಾತ್ರೆಯಲ್ಲಿ ಸಿಗುತ್ತದೆ. ಆಕಾಶಕ್ಕೆ ಏರಿ ಇಳಿಯುವ ದೊಡ್ಡ ತೊಟ್ಟಿಲನ್ನು ನೆನಪು ಮಾಡಿಕೊಳ್ಳಿ. ಅದರ ತ್ರಿಜ್ಯ 10 ಮೀಟರ್ ಎಂದಿಟ್ಟುಕೊಳ್ಳೋಣ. ನೀವು ಅಚ್ಚಿನ ಮಟ್ಟದಲ್ಲಿ, ಬಲಗಡೆಯ ತುದಿಯಲ್ಲಿ ಕುಳಿತಿದ್ದೀರಿ. ತೊಟ್ಟಿಲು ಮೇಲಕ್ಕೆ 30 ಡಿಗ್ರಿ ತಿರುಗಿತು. ಈಗ ಅಚ್ಚಿನ ಮಟ್ಟದಿಂದ ನೀವು ಎಷ್ಟು ಎತ್ತರದಲ್ಲಿದ್ದೀರಿ? 10ನ್ನು ಸೈನ್ 30ರಿಂದ ಗುಣಿಸಿದಷ್ಟು, ಅಂದರೆ 5 ಮೀಟರ್. ಇಲ್ಲಿಯವರೆಗೆ ಹಳೆಯ ತ್ರಿಭುಜವೇ.

ತೊಟ್ಟಿಲು ಅಲ್ಲಿಗೆ ನಿಲ್ಲುವುದಿಲ್ಲವಲ್ಲ! ತುದಿ ಮುಟ್ಟಿ, ಆ ಕಡೆ ಇಳಿಯತೊಡಗುತ್ತದೆ. 150 ಡಿಗ್ರಿ ತಿರುಗಿದಾಗ ನೀವು ಎಡಗಡೆ ಇದ್ದೀರಿ, ಆದರೆ ಎತ್ತರ ಮತ್ತೆ ಅದೇ 5 ಮೀಟರ್. ಸೈನ್ 150 ಎಂದರೆ ಅರ್ಧ ಎಂಬುದರ ಅರ್ಥ ಇಷ್ಟೆ. 210 ಡಿಗ್ರಿಗೆ ಬಂದಾಗ ಅಚ್ಚಿಗಿಂತ 5 ಮೀಟರ್ ಕೆಳಗಿದ್ದೀರಿ. ಆದ್ದರಿಂದ ಸೈನ್ 210 ಎಂದರೆ ಋಣ ಅರ್ಧ. ಇನ್ನು ಅಚ್ಚಿನಿಂದ ಬಲಕ್ಕೋ ಎಡಕ್ಕೋ ಎಷ್ಟು ದೂರ ಎಂಬುದನ್ನು ಹೇಳುವುದು ಕೊಸೈನ್. ಬಲಕ್ಕಿದ್ದರೆ ಧನ, ಎಡಕ್ಕಿದ್ದರೆ ಋಣ. 360 ಡಿಗ್ರಿ ಮುಗಿದರೆ ಎಲ್ಲವೂ ಮೊದಲಿನಿಂದ.

‘ಆಲ್ ಸಿಲ್ವರ್ ಟೀ ಕಪ್ಸ್’ ಎಂದು ಮಕ್ಕಳು ಜಪ ಮಾಡುವುದನ್ನು ಕೇಳಿರುತ್ತೀರಿ. ಯಾವ ಪಾದದಲ್ಲಿ ಯಾವುದು ಧನ ಎಂದು ನೆನಪಿಡುವ ಉಪಾಯ ಅದು. ತೊಟ್ಟಿಲು ಅರ್ಥವಾದವರಿಗೆ ಈ ಜಪದ ಅಗತ್ಯವೇ ಇಲ್ಲ. ತ್ರಿಭುಜದಿಂದ ವೃತ್ತಕ್ಕೆ ಬರುವ ಈ ಒಂದು ಹೆಜ್ಜೆಯೇ ಪಿಯುಸಿ ತ್ರಿಕೋನಮಿತಿಯ ಹೊಸ್ತಿಲು. ಇದನ್ನು ದಾಟಿಸಲು ಒಂದು ವಾರ ಹೆಚ್ಚಿಗೆ ಹಿಡಿದರೂ ನಷ್ಟವಿಲ್ಲ.

ರೇಡಿಯನ್: ಹೆಸರು ಹೊಸದು, ವಿಚಾರ ಹಳೆಯದು

ಎರಡನೆಯ ಎಡವಟ್ಟು ರೇಡಿಯನ್. ಇಷ್ಟು ದಿನ ಡಿಗ್ರಿಯಲ್ಲಿ ಅಳೆಯುತ್ತಿದ್ದವರಿಗೆ ಇದೇಕೆ ಎಂದು ಬೇಸರ. ಊಟದ ತಟ್ಟೆಯೊಂದನ್ನು ತೆಗೆದುಕೊಳ್ಳಿ. ನಡುವಿನಿಂದ ಅಂಚಿಗೆ ಎಷ್ಟು ದೂರವೋ ಅಷ್ಟು ಉದ್ದದ ದಾರ ಕತ್ತರಿಸಿ, ಅದನ್ನು ಅಂಚಿನ ಮೇಲೆ ಬಾಗಿಸಿ ಇಡಿ. ದಾರದ ಎರಡು ತುದಿಗಳಿಂದ ನಡುವಿಗೆ ಗೆರೆ ಎಳೆದರೆ ಬರುವ ಕೋನವೇ ಒಂದು ರೇಡಿಯನ್, ಸುಮಾರು 57 ಡಿಗ್ರಿ 18 ನಿಮಿಷ. ಸುತ್ತಲೂ ಅಂಥ ಆರು ದಾರ ಹಿಡಿಸಿ, ಕಾಲು ದಾರಕ್ಕಿಂತ ಸ್ವಲ್ಪ ಹೆಚ್ಚು ಜಾಗ ಉಳಿಯುತ್ತದೆ. ಅದೇ 6.28, ಅಂದರೆ ಎರಡು ‘ಪೈ’.

ಈ ವಿಚಾರದ ಬೇರು ನಮ್ಮಲ್ಲೇ ಇದೆ. ಕ್ರಿ.ಶ. 499ರ ಸುಮಾರಿನಲ್ಲಿ ಆರ್ಯಭಟ ತನ್ನ ‘ಆರ್ಯಭಟೀಯ’ದಲ್ಲಿ ಸೈನ್ ಕೋಷ್ಟಕಕ್ಕೆ ಬೇಕಾದ 24 ಬೆಲೆಗಳನ್ನು ಕೊಟ್ಟ. ವೃತ್ತದ ಸುತ್ತಳತೆಯನ್ನು 21,600 ನಿಮಿಷಗಳೆಂದು ಹಿಡಿದರೆ ಅದೇ ಅಳತೆಯಲ್ಲಿ ತ್ರಿಜ್ಯ 3,438 ಬರುತ್ತದೆ. 57 ಡಿಗ್ರಿ 18 ನಿಮಿಷವನ್ನು ನಿಮಿಷಕ್ಕೆ ಪರಿವರ್ತಿಸಿ ನೋಡಿ, ಸರಿಯಾಗಿ 3,438! ಕಂಸವನ್ನೂ ತ್ರಿಜ್ಯವನ್ನೂ ಒಂದೇ ಕೋಲಿನಿಂದ ಅಳೆಯುವುದೇ ರೇಡಿಯನ್ನಿನ ತಿರುಳು. ಆ ಕೋಷ್ಟಕದಲ್ಲಿ 30 ಡಿಗ್ರಿಗೆ ಬರುವ ಬೆಲೆ 1,719, ಅಂದರೆ 3,438ರ ಅರ್ಧ. ನಮ್ಮ ಮಕ್ಕಳು ಬರೆಯುವ ‘ಸೈನ್ 30 ಎಂದರೆ ಅರ್ಧ’ ಇದೇ.

‘ಸೈನ್’ ಎಂಬ ಹೆಸರೂ ಇಲ್ಲಿಂದಲೇ ಹೊರಟಿದ್ದು. ವೃತ್ತದ ಕಂಸವನ್ನು ಬಿಲ್ಲು ಎಂದುಕೊಂಡರೆ ಅದರ ತುದಿಗಳನ್ನು ಸೇರಿಸುವ ಗೆರೆ ಹೆದೆ. ಸಂಸ್ಕೃತದಲ್ಲಿ ಅದು ‘ಜ್ಯಾ’, ‘ಜೀವಾ’. ಲೆಕ್ಕಕ್ಕೆ ಬಳಸುತ್ತಿದ್ದುದು ಅರ್ಧ ಹೆದೆಯಾದರೂ ಹೆಸರು ಜ್ಯಾ ಎಂದೇ ಉಳಿಯಿತು. ಅರಬರು ಅದನ್ನು ಜೀಬ ಎಂದು ಬರೆದುಕೊಂಡರು. ಅರಬಿಯಲ್ಲಿ ಅದನ್ನೇ ‘ಜೈಬ್’ ಎಂದೂ ಓದಬಹುದು, ಅದರ ಅರ್ಥ ಮಡಿಲು, ಕೊಲ್ಲಿ. ಲ್ಯಾಟಿನ್‌ಗೆ ಅನುವಾದಿಸಿದವರು ಅದೇ ಅರ್ಥದ ‘ಸೈನಸ್’ ಪದ ಹಾಕಿದರು. ಹೀಗೆ ಬಿಲ್ಲಿನ ಹೆದೆ ಊರೂರು ಸುತ್ತಿ ಸೈನ್ ಆಗಿ ಮರಳಿತು. ಇಷ್ಟು ತಿಳಿದ ಮಗುವಿಗೆ ಸೈನ್ ಪರಕೀಯ ಎನಿಸುವುದಿಲ್ಲ.

ಸೂತ್ರಗಳ ಮರ

ಗೈಡುಗಳಲ್ಲಿ ನಲವತ್ತು ಐವತ್ತು ಸೂತ್ರಗಳ ಪಟ್ಟಿ ಇರುತ್ತದೆ. ಅದನ್ನು ಗೋಡೆಗೆ ಅಂಟಿಸಿ ಉರು ಹೊಡೆಯುವವರು ಪರೀಕ್ಷೆಯ ದಿನ ಒಂದು ಚಿಹ್ನೆ ಮರೆತರೂ ಮುಳುಗುತ್ತಾರೆ. ಅದರ ಬದಲು ಸೂತ್ರಗಳನ್ನು ಮರದಂತೆ ನೋಡಬೇಕು. ಬೇರು ಒಂದೇ: ಸೈನ್ ವರ್ಗ, ಕೊಸೈನ್ ವರ್ಗ ಕೂಡಿದರೆ 1. ಅದು ಪೈಥಾಗೊರಸ್ ಪ್ರಮೇಯವೇ. ಕಾಂಡ ಎರಡು:

ಸೈನ್ (ಅ + ಬ) = ಸೈನ್ ಅ × ಕೊಸ್ ಬ + ಕೊಸ್ ಅ × ಸೈನ್ ಬ

ಕೊಸ್ (ಅ + ಬ) = ಕೊಸ್ ಅ × ಕೊಸ್ ಬ – ಸೈನ್ ಅ × ಸೈನ್ ಬ

‘ಬ’ ಇರುವಲ್ಲಿ ‘ಅ’ ಹಾಕಿದರೆ ಇಮ್ಮಡಿ ಕೋನದ ಸೂತ್ರ ಸಿಗುತ್ತದೆ. ‘ಬ’ಗೆ ಋಣಚಿಹ್ನೆ ಹಾಕಿದರೆ ವ್ಯತ್ಯಾಸದ ಸೂತ್ರ. ಎರಡನ್ನೂ ಕೂಡಿಸಿ ಕಳೆದರೆ ಗುಣಲಬ್ಧದ ಸೂತ್ರಗಳು. ಮೂರು ಸೂತ್ರ ಗಟ್ಟಿಯಾಗಿದ್ದರೆ ಉಳಿದವನ್ನು ಐದು ನಿಮಿಷದಲ್ಲಿ ಹಾಳೆಯ ಅಂಚಿನಲ್ಲಿ ಕಟ್ಟಿಕೊಳ್ಳಬಹುದು.

ಇನ್ನೊಂದು ಅಭ್ಯಾಸ: ಸಂಶಯ ಬಂದರೆ ಗೊತ್ತಿರುವ ಕೋನ ಹಾಕಿ ಪರೀಕ್ಷಿಸುವುದು. ಸೈನ್ (ಅ + ಬ) ಎಂದರೆ ಸೈನ್ ಅ + ಸೈನ್ ಬ ಎಂದು ಬರೆಯುವ ಮಕ್ಕಳು ಬಹಳ. 30, 60 ಹಾಕಿ ನೋಡಿ. ಸೈನ್ 90 ಎಂದರೆ 1. ಸೈನ್ 30, ಸೈನ್ 60 ಕೂಡಿದರೆ 1.366. ಸೈನ್ ಬೆಲೆ 1ನ್ನು ಮೀರುವುದುಂಟೇ? ತೊಟ್ಟಿಲು ತನ್ನ ತ್ರಿಜ್ಯಕ್ಕಿಂತ ಮೇಲೆ ಹೋಗುತ್ತದೆಯೇ? ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಆದ್ದರಿಂದ ಐದು ಕೋನಗಳ ಬೆಲೆ ನಾಲಿಗೆಯ ತುದಿಯಲ್ಲಿರಬೇಕು. ಅದಕ್ಕೂ ಸುಲಭ ದಾರಿಯಿದೆ. √0, √1, √2, √3, √4 ಇವನ್ನು ಸಾಲಾಗಿ ಬರೆದು ಪ್ರತಿಯೊಂದನ್ನೂ 2ರಿಂದ ಭಾಗಿಸಿದರೆ 0, 30, 45, 60, 90ರ ಸೈನ್ ಬೆಲೆಗಳು. ಹಿಂದುಮುಂದಾಗಿ ಓದಿದರೆ ಕೊಸೈನ್.

ಬೆಟ್ಟ ಹತ್ತದೆ ಎತ್ತರ

‘ಇದೆಲ್ಲ ಕಲಿತು ಏನು ಪ್ರಯೋಜನ?’ ಎಂದು ಹೊಲದಲ್ಲಿ ದುಡಿಯುವ ತಂದೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆಂದು ಹೀಗೆ ಊಹಿಸೋಣ: ಸಮತಟ್ಟಾದ ಒಂದು ಕಡೆ ನಿಂತು ನೋಡಿದಾಗ ತುದಿಯ ಉನ್ನತ ಕೋನ 20 ಡಿಗ್ರಿ. ನೇರವಾಗಿ ಬೆಟ್ಟದ ಕಡೆ 250 ಮೀಟರ್ ನಡೆದು ನೋಡಿದಾಗ 25 ಡಿಗ್ರಿ. 20ರ ಕಾಟ್ ಬೆಲೆ 2.747, 25ರದು 2.145. ವ್ಯತ್ಯಾಸ ಸುಮಾರು 0.60. 250ನ್ನು ಅದರಿಂದ ಭಾಗಿಸಿದರೆ 415 ಮೀಟರ್. ನಿಂತ ನೆಲದಿಂದ ತುದಿಗೆ ಇರುವ ಎತ್ತರ ಅದು. ಮಧುಗಿರಿ ಊರೇ ಸಮುದ್ರಮಟ್ಟದಿಂದ ಸುಮಾರು 780 ಮೀಟರ್ ಮೇಲಿದೆ. ಎರಡನ್ನೂ ಕೂಡಿದರೆ ಬೆಟ್ಟಕ್ಕೆ ಸಾಮಾನ್ಯವಾಗಿ ಹೇಳುವ 3,930 ಅಡಿಯ ಹತ್ತಿರ ಹತ್ತಿರಕ್ಕೆ ಬರುತ್ತದೆ. ಒಂದು ಕಲ್ಲೂ ಹತ್ತಬೇಕಾಗಲಿಲ್ಲ!

ದೇಶವನ್ನೇ ಹೀಗೆ ಅಳೆದರು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು. ಮದ್ರಾಸಿನಿಂದ ತ್ರಿಭುಜದ ಮೇಲೆ ತ್ರಿಭುಜ ಹೆಣೆಯುತ್ತ ಬಂದು, ಬೆಂಗಳೂರಿನ ರೇಖೆ ಎಷ್ಟಿರಬೇಕೆಂದು ಲೆಕ್ಕ ಹಾಕಿ, 1804ರಲ್ಲಿ ನೆಲದ ಮೇಲೆ ಅಳೆದು ತಾಳೆ ನೋಡಿದರು. ಸುಮಾರು ಏಳು ಮೈಲಿಯ ಉದ್ದಕ್ಕೆ ಬಂದ ವ್ಯತ್ಯಾಸ ನಾಲ್ಕು ಇಂಚಿನೊಳಗೆ. ಇದೇ ಸರ್ವೆ ಮುಂದುವರಿದು, ರಾಧಾನಾಥ ಸಿಕ್‌ದಾರ್ ಅವರ ಲೆಕ್ಕಾಚಾರದಿಂದ ಎವರೆಸ್ಟಿನ ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಆಗ ಯಾರೂ ಆ ಶಿಖರ ಹತ್ತಿರಲಿಲ್ಲ.

ಪಕ್ಕದ ಪಾವಗಡಕ್ಕೆ ಬನ್ನಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ಫಲಕವನ್ನು ಎಷ್ಟು ವಾಲಿಸಬೇಕು, ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳದಂತೆ ಎಷ್ಟು ಜಾಗ ಬಿಡಬೇಕು ಎಂಬುದೆಲ್ಲ ತ್ರಿಕೋನಮಿತಿ. ಬಿಸಿಲು ನೆಟ್ಟಗೆ ಬೀಳುವ ಬದಲು 60 ಡಿಗ್ರಿ ಓರೆಯಾಗಿ ಬಿದ್ದರೆ ಫಲಕಕ್ಕೆ ಸಿಗುವ ಬೆಳಕು ಅರ್ಧ. ಏಕೆಂದರೆ ಕೊಸ್ 60 ಎಂದರೆ ಅರ್ಧ.

ಮನೆಯವರಿಗೆ, ಮಕ್ಕಳಿಗೆ ಒಂದೆರಡು ಮಾತು

ಪಿಯುಸಿಯಲ್ಲಿ ಗಣಿತದ ಮೇಷ್ಟ್ರು ತ್ರಿಕೋನಮಿತಿ ಮುಗಿಸುವ ಮೊದಲೇ ಭೌತಶಾಸ್ತ್ರದಲ್ಲಿ ಸೈನ್, ಕೊಸೈನ್ ಬೇಕಾಗಬಹುದು. ಬಲವನ್ನು ಎರಡು ದಿಕ್ಕಿಗೆ ಒಡೆಯುವುದು, ಇಳಿಜಾರಿನ ಲೆಕ್ಕ, ಎಸೆದ ಕಲ್ಲಿನ ದಾರಿ ಎಲ್ಲದಕ್ಕೂ ಅದೇ. ದ್ವಿತೀಯ ಪಿಯುಸಿಯಲ್ಲಿ ವಿಲೋಮ ತ್ರಿಕೋನಮಿತಿ, ಅದರ ಬೆನ್ನಿಗೇ ಕಲನಶಾಸ್ತ್ರ. ಆದ್ದರಿಂದ ಇಲ್ಲಿ ಕಾಲು ಜಾರಿದರೆ ಒಂದು ಪಾಠವಲ್ಲ, ಎರಡು ವಿಷಯಗಳು ಕೈಬಿಡುತ್ತವೆ. ಹಾಗೆಯೇ ಇದೊಂದನ್ನು ಸರಿಪಡಿಸಿಕೊಂಡರೆ ಎರಡೂ ಒಟ್ಟಿಗೆ ಮೇಲೇಳುತ್ತವೆ.

ಕನ್ನಡ ಮಾಧ್ಯಮದಿಂದ ಬಂದವರು ಒಂದು ಪುಟ್ಟ ಪುಸ್ತಕ ಮಾಡಿಕೊಳ್ಳಿ. ಒಂದು ಬದಿಗೆ ಕನ್ನಡ ಪದ, ಇನ್ನೊಂದು ಬದಿಗೆ ಇಂಗ್ಲಿಷ್ ಪದ. ವಿಕರ್ಣಕ್ಕೆ ಹೈಪೊಟೆನ್ಯೂಸ್, ಕಂಸಕ್ಕೆ ಆರ್ಕ್, ನಿತ್ಯಸಮೀಕರಣಕ್ಕೆ ಐಡೆಂಟಿಟಿ. ಈ ಪಾಠಕ್ಕೆ ಇಪ್ಪತ್ತು ಇಪ್ಪತ್ತೈದು ಪದ ಸಾಕು. ಗೊತ್ತಿರುವ ಗಣಿತ ಭಾಷೆಯ ಪರದೆಯ ಹಿಂದೆ ಅಡಗಿರುತ್ತದೆ, ಅಷ್ಟೆ. ದಿನಕ್ಕೆ ನಲವತ್ತು ನಿಮಿಷ, ನಾಲ್ಕೇ ಲೆಕ್ಕ, ಆದರೆ ಪ್ರತಿ ಲೆಕ್ಕಕ್ಕೂ ವೃತ್ತದ ಚಿತ್ರ. ಆರು ವಾರ ಹೀಗೆ ಮಾಡಿ ನೋಡಿ.

ಪೋಷಕರೇ, ಮೊದಲ ಕಿರುಪರೀಕ್ಷೆಯ ಅಂಕ ನೋಡಿ ವಿಭಾಗ ಬದಲಿಸುವ ನಿರ್ಧಾರಕ್ಕೆ ಬರಬೇಡಿ. ‘ಎಷ್ಟು ಬಂತು?’ ಎಂದು ಕೇಳುವ ಬದಲು ‘ಎಲ್ಲಿ ತಿಳಿಯಲಿಲ್ಲ?’ ಎಂದು ಕೇಳಿ. ನಿಮಗೆ ಉತ್ತರ ಗೊತ್ತಿರಬೇಕೆಂದೇನಿಲ್ಲ. ಮಗು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದರೆ ಅರ್ಧ ದಾರಿ ಸವೆದಂತೆ. ಉಳಿದರ್ಧಕ್ಕೆ ಮೇಷ್ಟ್ರಿದ್ದಾರೆ.

ಕೊನೆಗೆ ಮನೆಯಂಗಳದಲ್ಲೇ ಮಾಡಬಹುದಾದ ಒಂದು ಪ್ರಯೋಗ. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರಂದೋ ಸೆಪ್ಟೆಂಬರ್ 23ರಂದೋ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. 12 ಗಂಟೆಯಿಂದ 12.40ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳು ನಮ್ಮ ಐ.ಡಿ.ಹಳ್ಳಿ ಕಡೆ ಸುಮಾರು 25 ಸೆಂಟಿಮೀಟರ್ ಬರಬೇಕು. ಯಾವ ಕೋನದ ಟ್ಯಾನ್ 0.25ರ ಹತ್ತಿರ ಇದೆಯೆಂದು ಕೋಷ್ಟಕದಲ್ಲಿ ಹುಡುಕಿ. 14 ಡಿಗ್ರಿ ಸಿಗುತ್ತದೆ. ಭೂಪಟ ತೆಗೆದು ನಮ್ಮ ಊರಿನ ಅಕ್ಷಾಂಶ ನೋಡಿ, ಅದೂ ಸುಮಾರು ಅಷ್ಟೆ. ಒಂದು ಕೋಲು, ಒಂದು ನೆರಳು, ಒಂದು ಟ್ಯಾನ್. ಭೂಮಿಯ ಮೇಲೆ ನಾವು ಎಲ್ಲಿದ್ದೇವೆಂದು ಹೇಳಲು ಇಷ್ಟು ಸಾಕು.